ಹೊಲಿಗೆಯವಳ ಹೊಟ್ಟೆಕಿಚ್ಚು

ಹೊಲಿಗೆಯವಳಿಗೆ ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಬೀದಿ ನಲ್ಲಿಯ ಹತ್ತಿರ. ಓರಗಿತ್ತಿ ಕೊಡ ಹಿಡಿದು ಬಂದರೆ ಸಾಕು, ಸಾಲು ತಾನಾಗಿ ಸರಿದು ದಾರಿ ಬಿಡುತ್ತಿತ್ತು. "ಬನ್ನಿ ಅಕ್ಕಾ, ನೀವು ಮೊದಲು ಹಿಡ್ಕೊಳ್ಳಿ!" ಇವಳೋ ಸೊಂಟನೋವಿನವಳು, ಮಿಷನ್ ಬಿಟ್ಟು ಬಂದು ಕಾಯಬೇಕು. ಕೆಲಸದಲ್ಲಿ ಕೈ ಒಳ್ಳೆಯದೇ ಪಾಪ. ರವಿಕೆಯ ತೋಳು ಬಿಗಿ ಮಾಡಿ ಬೈಸಿಕೊಳ್ಳುತ್ತಿದ್ದಳು, ಅದು ಬೇರೆ ಮಾತು.

ಓರಗಿತ್ತಿಯ ಮಗ ಬೀದಿ ಮೂಲೆಯ ಪುಂಡರ ಗುಂಪು ಸೇರಿದ್ದ. ಹೊಸ ಬೂಟು, ಎರಡು ಫೋನು, ಹೆತ್ತವರು ಇಡದ ಅಡ್ಡಹೆಸರು. ಅಂಗಡಿಯವರು ಅವನ ಹತ್ತಿರ ಕಾಸು ಕೇಳುತ್ತಿರಲಿಲ್ಲ. ಇವಳ ಕಣ್ಣಿಗೆ ಅದೆಲ್ಲ ಮರ್ಯಾದೆಯಾಗಿ ಕಂಡಿತು.

ಸೈಕಲ್ ಅಂಗಡಿಯಿಂದ ಮೈಯೆಲ್ಲ ಗ್ರೀಸು ಮೆತ್ತಿಕೊಂಡು ಬಂದ ತನ್ನ ಮಗನ ಮೇಲೆ ಹರಿಹಾಯ್ದಳು. "ನಿಮ್ಮ ದೊಡ್ಡಮ್ಮನ ಮಗನ್ನ ನೋಡು, ಅವರಮ್ಮ ರಾಣಿ ಥರ ಓಡಾಡ್ತಾಳೆ. ನೀನು ಪಂಚರ್ ಹಾಕ್ಕೊಂಡೇ ಇರು! ಅವನ ಜೊತೆ ತಿರುಗಬಾರ್ದಾ?"

"ನಿಜವಾಗ್ಲೂ ಹೇಳ್ತಿದ್ದೀಯಾ ಅಮ್ಮಾ?"

"ಮತ್ತೇನು, ತಮಾಷೆಗಾ?"

ಮಗ ಅವನ ಜೊತೆ ತಿರುಗಿದ. ಸೈಕಲ್ ಅಂಗಡಿಗೆ ಹೋಗುವುದು ತಪ್ಪಿತು. ಊಟಕ್ಕೆ ಕೂತರೆ ಫೋನು ಗುರ್ರೆನ್ನುತ್ತಿತ್ತು, ಅರ್ಧಕ್ಕೇ ಏಳುತ್ತಿದ್ದ. ಎಲ್ಲಿಗೆ ಅಂದರೆ, "ನಿನಗ್ಯಾಕೆ?" ಅದೂ ಅವಳಿಗೆ ದೊಡ್ಡಸ್ತಿಕೆಯೇ.

ಒಂದು ಬೆಳಿಗ್ಗೆ ಸಾಲು ಇವಳಿಗೂ ಸರಿಯಿತು. ಬೀಗುತ್ತ ಮುಂದೆ ಹೋದಳು. ನಲ್ಲಿಯ ಕೆಳಗೆ ಕೊಡ ಇಟ್ಟಿದ್ದವಳು ದಿನವೂ ಇವಳನ್ನು ರೇಗಿಸುವ ಇಸ್ತ್ರಿಯವಳು.

"ಏನೇ, ಇವತ್ತು ಜಗಳ ಇಲ್ವಾ?" ಹೊಲಿಗೆಯವಳೇ ಕೆಣಕಿದಳು.

ಇಸ್ತ್ರಿಯವಳು ಅರ್ಧ ತುಂಬಿದ ಕೊಡ ಎತ್ತಿಕೊಂಡಳು. ಮುಖ ನೋಡಲಿಲ್ಲ. "ನೀವೇ ಹಿಡ್ಕೊಳ್ಳಿ. ಮಗನಿಗೆ ಹೇಳಿ, ನಮ್ಮ ಇಸ್ತ್ರಿ ಗಾಡಿ ಇನ್ನೊಂದು ಸಲ ಉರುಳಿಸೋದು ಬೇಡಾಂತ."

ಹೊಲಿಗೆಯವಳು ಕೊಡ ಅಲ್ಲೇ ಬಿಟ್ಟು ಓರಗಿತ್ತಿಯ ಮನೆಗೆ ನುಗ್ಗಿದಳು. "ಅಕ್ಕಾ, ನಿನ್ನ ಮಗ ನನ್ನ ಮಗನ್ನ ಹಾಳು ಮಾಡ್ತಿದ್ದಾನೆ!"

ಓರಗಿತ್ತಿ ಚಿಲಕ ಹಾಕಿದಳು. "ಮೆತ್ತಗೆ ಮಾತಾಡೇ. ನನ್ನ ಮಗ ಮನೇಲಿ ಮಲಗಿ ಎಷ್ಟು ದಿನ ಆಯ್ತೋ. ನಿನ್ನ ಮಗ ಗ್ರೀಸ್ ಮೆತ್ಕೊಂಡು ಬರೋದನ್ನ ಈ ಕಿಟಕೀಲಿ ನಿಂತು ನೋಡ್ತಿದ್ದೆ. ಹೊಟ್ಟೆ ಉರೀತಿತ್ತು ಕಣೇ. ಅಂಥವನನ್ನ ನೀನೇ ಕಳಿಸಿದೆಯಲ್ಲೇ?"

ಹೊಲಿಗೆಯವಳು ಮನೆಗೆ ಬಂದು ಮಗನ ಹೊದಿಕೆ ಎಳೆದಳು. "ಏಳೋ, ಸೈಕಲ್ ಅಂಗಡಿಗೆ ಹೋಗೋಣ."

"ಈಗ ಬಿಟ್ರೆ ಅವರು ಸುಮ್ಮನಿರ್ತಾರಾ ಅಮ್ಮಾ?"

"ಗೊತ್ತಿಲ್ಲ ಕಣೋ. ನಾನೂ ಬರ್ತೀನಿ, ಏಳು."

ಮೂಲೆ ದಾಟುವಾಗ ಗುಂಪಿನವರು ಶಿಳ್ಳೆ ಹಾಕಿದರು. ಮಗನ ಹೆಜ್ಜೆ ನಿಧಾನವಾಯಿತು. ಅವಳು ಅವನ ತೋಳು ಬಿಡಲಿಲ್ಲ.