ಮಾಸ್ತರ ಊದಿನಕಡ್ಡಿ

ಪರದೇಶದ ಮಿಸಿಸಾಗ ಎಂಬ ಊರಿನ ಒಂದು ಬೇಸ್‌ಮೆಂಟಿನಲ್ಲಿ ನನ್ನ ಮಗಳಿಗೂ ಇನ್ನೆಂಟು ಮಕ್ಕಳಿಗೂ ಹಾರ್ಮೋನಿಯಂ ಕಲಿಸುತ್ತಿದ್ದ ಮಾಸ್ತರು ಧಾರವಾಡದವರು. ಇಲ್ಲೇ ಹುಟ್ಟಿದ ಮಕ್ಕಳು ಏನು ಕೇಳಿದರೂ "ಯೆಸ್ ಸರ್" ಅನ್ನುತ್ತಿದ್ದವು. ಮಾಸ್ತರು ಪೇಟಿ ನುಡಿಸುವುದನ್ನು ನಿಲ್ಲಿಸಿ "ಕನ್ನಡದಾಗ ಹೇಳು" ಅನ್ನುತ್ತಿದ್ದರು. ಒಬ್ಬರೂ ಹೇಳಿದ್ದಿಲ್ಲ.

ಒಂದು ಚಳಿಗಾಲ ಈ ಮಕ್ಕಳೇ ಶ್ವಾಸಕೋಶದ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಬಾಡಿಗೆ ಹಾಲ್‌ನಲ್ಲಿ ಸಂಗೀತ ಕಛೇರಿ ಇಟ್ಟುಕೊಂಡರು. ಊದಿನಕಡ್ಡಿ ಬೆಳಗದೆ ಮಾಸ್ತರು ಪೇಟಿ ಮುಟ್ಟುವವರಲ್ಲ.

"ಮಾಸ್ತರೇ, ಇವತ್ತೊಂದಿನ ಹೊಗೆ ಬೇಡ, ಕಾರ್ಯಕ್ರಮ ಇರೋದೇ ಶ್ವಾಸಕೋಶಕ್ಕೆ" ಎಂದೆ.

"ಒಂದ ಕಡ್ಡಿ ಹಚ್ಚತೀನ್ರಿ" ಎಂದು ಐದು ಹಚ್ಚಿದರು. ಫೈರ್ ಅಲಾರ್ಮ್ ಅರಚಿಕೊಂಡಿತು. ಸಭೆಯೆಲ್ಲ ಹಿಮದ ಪಾರ್ಕಿಂಗ್ ಲಾಟಿಗೆ ಬಂತು.

ಹಚ್ಚಿದವರನ್ನು ಮತ್ತೆ ಒಳಗೆ ಬಿಡುವುದಿಲ್ಲ ಎಂದು ಹಾಲ್‌ನ ಮ್ಯಾನೇಜರು ಸಿಡುಕಿದ. ಯಾರು ಹಚ್ಚಿದ್ದೆಂದು ಮಕ್ಕಳನ್ನೇ ಇಂಗ್ಲಿಷಿನಲ್ಲಿ ಗದರಿ ಕೇಳಿದ. ಮಾಸ್ತರು ಕೈಯನ್ನು ಬೆನ್ನ ಹಿಂದಿಟ್ಟುಕೊಂಡು ತಮ್ಮ ಬೂಟು ನೋಡುತ್ತಿದ್ದರು. ನನ್ನ ಮಗಳು ಅವರತ್ತ ಒಮ್ಮೆ ನೋಡಿ, ಅವರದೇ ಧಾಟಿಯಲ್ಲಿ, "ನಮಗ ಇಂಗ್ಲಿಷ್ ಬರೂದಿಲ್ರಿ" ಅಂದಳು. ಉಳಿದ ಎಂಟು ಮಕ್ಕಳೂ "ಬರೂದಿಲ್ರಿ" ಅಂದವು.

ಮಾಸ್ತರಿಗೆ ತಡೆಯಲಾಗಲಿಲ್ಲ. "ಮೈ ಸ್ಟೂಡೆಂಟ್ಸ್!" ಎಂದು ಎದೆಯುಬ್ಬಿಸಿ ಮಕ್ಕಳ ಕಡೆ ಕೈ ಚಾಚಿದರು. ಆ ಕೈಯಲ್ಲಿ ಐದೂ ಕಡ್ಡಿಗಳು ಇನ್ನೂ ಹೊಗೆಯಾಡುತ್ತಿದ್ದವು.