ಗಿರಣಿಯ ಇಲಿ, ನಮ್ಮ ರಕ್ತ

ಎಂ.ಎಸ್ಸಿ. ಮುಗಿಸಿದವಳು ಕೊಳ್ಳೇಗಾಲದಲ್ಲಿ ಇಲಿ ಹಿಡಿಯುತ್ತಾಳಂತೆ ಎಂದು ಯಳಂದೂರಿನ ನೆಂಟರು ನಗುತ್ತಿದ್ದರು. ಊರಿನ ಇಲಿಗಳಲ್ಲಿ ಯಾವ ರೋಗಾಣುಗಳಿವೆ, ಹೊಸವು ಹುಟ್ಟಿಕೊಂಡಿವೆಯೇ ಎಂದು ಅವುಗಳ ಜೀನೋಮ್, ಅಂದರೆ ವಂಶವಾಹಿಯ ಬರಹ, ಓದಿ ತಿಳಿಯುವ ಯೋಜನೆ ಅದು. ಇಲಿಯ ಮೂತ್ರಪಿಂಡದ ಚೂರು ತೆಗೆದು ಐಸ್ ಪೆಟ್ಟಿಗೆಯಲ್ಲಿಟ್ಟು ದೂರದ ಲ್ಯಾಬಿಗೆ ಕಳಿಸುವುದು ನನ್ನ ಕೆಲಸ.

ಹೆಚ್ಚು ಇಲಿ ಸಿಗುತ್ತಿದ್ದುದು ಒಂದು ಹಳೆಯ ಅಕ್ಕಿ ಗಿರಣಿಯಲ್ಲಿ. ಅಲ್ಲಿ ಕಸ ಗುಡಿಸಲು ಸತ್ತೇಗಾಲದಿಂದ ಬರುತ್ತಿದ್ದ ಹೆಂಗಸಿಗೆ ಇಲಿಗಳ ದಾರಿಯೆಲ್ಲ ಗೊತ್ತು. ನಾನು ಗ್ಲೌಸು, ಬೂಟು ಹಾಕಿಕೊಂಡು ನಿಂತಿದ್ದರೆ ಆಕೆ ಬರಿಗಾಲಲ್ಲಿ ತವುಡಿನ ರೊಚ್ಚೆಗಿಳಿದು ಬೋನು ಎತ್ತಿಕೊಡುತ್ತಿದ್ದಳು.

"ಇಲಿ ಉಚ್ಚೆ ಇರುತ್ತಮ್ಮ, ಕಾಲಿಗೇನಾದ್ರೂ ಹಾಕ್ಕೊಳ್ಳಿ" ಎಂದರೆ, "ಬುಡಿ ಮೇಡಮ್ಮ, ಗದ್ದೆ ಕೆಸ್ರಲ್ಲೇ ಉಟ್ಟಿ ಬೆಳ್ದೋಳು ನಾನು" ಎನ್ನುವಳು. ಇನ್ನೊಂದು ಜೊತೆ ಬೂಟು ತಂದುಕೊಡುತ್ತೇನೆ ಎಂದಿದ್ದೆ. ತರಲಿಲ್ಲ.

ಒಂದು ಬೆಳಿಗ್ಗೆ ಬೋನಿನ ಕಂಬಿಯೊಳಗಿಂದ ಇಲಿಯೊಂದು ನನ್ನ ಗ್ಲೌಸು ಹರಿಯುವಂತೆ ಕಚ್ಚಿತು. ಹೆಬ್ಬೆರಳಲ್ಲಿ ಸೂಜಿಮೊನೆಯಷ್ಟು ರಕ್ತ. ಅಜಾಗರೂಕಳೆಂದು ಬೈದಾರೆಂದು ಯಾರಿಗೂ ಹೇಳಲಿಲ್ಲ.

ಎಂಟು ದಿನದ ಮೇಲೆ ಯೋಜನೆಯ ಮುಖ್ಯಸ್ಥರು ಫೋನ್ ಮಾಡಿದರು. "ಆ ಗಿರಣಿಯ ಮೊದಲ ಇಲಿಗಳ ಜೀನೋಮ್ ಬಂದಿದೆ. ಇಲಿಜ್ವರದ ಬ್ಯಾಕ್ಟೀರಿಯಾದ ಕುಲವೇ. ಆದ್ರೆ ಈವರೆಗೆ ಗೊತ್ತಿರೋ ಯಾವುದಕ್ಕೂ ಪೂರ್ತಿ ಹೊಂದ್ತಿಲ್ಲ. ಅಲ್ಲಿ ಎಲ್ಲರೂ ಆರೋಗ್ಯವಾಗಿದ್ದೀರಿ ತಾನೆ?"

"ಹೌದು ಸರ್" ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ನೆನಪಾಯಿತು: ಗುಡಿಸುವ ಹೆಂಗಸು ಮೂರು ದಿನದಿಂದ ಕೆಲಸಕ್ಕೆ ಬಂದಿರಲಿಲ್ಲ.

ಸಿಕ್ಕಿದ ಬಸ್ಸು ಹತ್ತಿ ಸತ್ತೇಗಾಲಕ್ಕೆ ಹೋದೆ. ಆಕೆ ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದಳು. ಕಣ್ಣು ಕೆಂಡದಂತಿದ್ದವು.

"ಮೀನ್‌ಖಂಡ ಇಂಡ್ದಂಗಾಯ್ತದೆ ಕಣ್ ಮೇಡಮ್ಮ. ನೆನ್ನೆಯಿಂದ ಉಚ್ಚೆನೂ ಸರ್ಯಾಗಿ ಓಯ್ತಿಲ್ಲ."

ಆಟೋದಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಕರೆತಂದು ಗಿರಣಿಯ ಇಲಿಗಳ ವಿಷಯ ಹೇಳಿದೆ. ಇಂಜೆಕ್ಷನ್ನಿಗೆ ಮುಂಚೆ ಆಕೆಯ ರಕ್ತ ತೆಗೆದ ವೈದ್ಯರು ನನ್ನತ್ತ ನೋಡಿ, "ನಿಮಗೂ ಇಲಿ ಏನಾದ್ರೂ ಕಚ್ಚಿದೆಯಾ?" ಎಂದರು. ಆಗ ಹೆಬ್ಬೆರಳು ತೋರಿಸಿದೆ. ನನಗೂ ಮಾತ್ರೆ ಬರೆದರು, ನನ್ನ ರಕ್ತವನ್ನೂ ತೆಗೆದುಕೊಂಡರು. ಮುಖ್ಯಸ್ಥರಿಗೆ ಫೋನ್ ಮಾಡಿ ನಿಜ ಹೇಳಿ, ಇಬ್ಬರ ರಕ್ತವನ್ನೂ ಲ್ಯಾಬಿಗೆ ಕಳಿಸಿದೆ.

ಎರಡು ದಿನ ಆಕೆಯ ಮಂಚದ ಪಕ್ಕ ಕೂತಿದ್ದೆ. ಗಳಿಗೆಗೊಮ್ಮೆ ನನ್ನ ಮೀನಖಂಡ ಒತ್ತಿ ನೋಡಿಕೊಳ್ಳುತ್ತಿದ್ದೆ, ಕನ್ನಡಿಯಲ್ಲಿ ಕಣ್ಣು ಕೆಂಪಾಯಿತೇ ಎಂದು ಹುಡುಕುತ್ತಿದ್ದೆ. ಆಕೆಯ ಮೂತ್ರದ ಚೀಲ ಖಾಲಿಯಾಗಿ ನೇತಾಡುತ್ತಿತ್ತು. ಹೆಸರೇ ಇಲ್ಲದ ಈ ರೋಗಾಣು ಮುಂದೆ ಏನು ಮಾಡುತ್ತದೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಮೂರನೆಯ ದಿನ ಚೀಲದಲ್ಲಿ ಹಳದಿ ನೀರು ಇಳಿಯತೊಡಗಿದಾಗ ನರ್ಸಿನ ಎದುರಿಗೇ ಅತ್ತುಬಿಟ್ಟೆ.

"ಬೂಟು ತಂದುಕೊಡಲಿಲ್ಲ, ನನ್ನಿಂದಲೇ ಆಯ್ತಮ್ಮ" ಎಂದು ಆಕೆಗೆ ಹೇಳಿದೆ. ಆಕೆ ಗೋಡೆಯ ಕಡೆ ತಿರುಗಿಕೊಂಡಳು.

ಹಲವು ವಾರಗಳ ನಂತರ ಫಲಿತಾಂಶ ಬಂತು. ನನ್ನ ರಕ್ತದಲ್ಲಿ ಏನೂ ಇರಲಿಲ್ಲ. ಆಕೆಯ ರಕ್ತದಲ್ಲಿದ್ದುದು ಗಿರಣಿಯ ಇಲಿಗಳಲ್ಲಿದ್ದುದೇ, ಜೀನೋಮಿನಲ್ಲಿ ಹೆಚ್ಚುಕಡಿಮೆ ಅಕ್ಷರಕ್ಕೆ ಅಕ್ಷರ. ಹೇಳಲು ಮನೆಗೆ ಹೋದೆ. ಚೇತರಿಸಿಕೊಂಡು ಅವರೆಕಾಯಿ ಬಿಡಿಸುತ್ತಿದ್ದಳು.

"ಅದುಕ್ಕೊಂದು ಯೆಸ್ರು ಮಡ್ಗುದ್ರಾ?"

"ಇನ್ನೂ ಇಲ್ಲ. ಒಂದು ನಂಬರ್ ಅಷ್ಟೇ."

ಆಕೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಗಿರಣೀಲಿ ಇನ್ನೂ ಆರ್ ಜನ ಎಂಗಸ್ರು ಬರಿಗಾಲಲ್ಲವ್ರೆ. ಅವ್ರ್ ರಕ್ತ ಯಾವಾಗ ತಗೀತೀರಿ?"

ಮರುದಿನವೇ ಆ ಆರೂ ಜನರ ರಕ್ತ ತೆಗೆದೆವು. ಇಬ್ಬರಲ್ಲಿ ಹಿಂದೆಂದೋ ಸೋಂಕು ತಗಲಿದ್ದ ಗುರುತು ಸಿಕ್ಕಿತು. ಜ್ವರ ಯಾವಾಗ ಬಂದಿತ್ತೆಂದು ಕೇಳಿದರೆ ಇಬ್ಬರಿಗೂ ನೆನಪಿರಲಿಲ್ಲ.