ದಾರಿ ಇಲ್ಲವೆಂದು ಬರೆದ ಗುಡ್ಡ

ನಾನು ಮೊಟ್ಟೆ ಗಾಡಿ ಓಡಿಸುತ್ತೇನೆ. ಹಾಸನದಿಂದ ಬೆಳಿಗ್ಗೆ ಹೊರಟರೆ ಒಂದು ದಿನ ಚನ್ನರಾಯಪಟ್ಟಣ, ಒಂದು ದಿನ ಹೊಳೆನರಸೀಪುರ, ಇನ್ನೊಂದು ದಿನ ಅರಕಲಗೂಡು. ಯಾವ ರಸ್ತೆಯಲ್ಲಿ ಎಷ್ಟು ಹಂಪುಗಳಿವೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಆ ರಸ್ತೆಗಳ ಅಕ್ಕಪಕ್ಕ ಇಷ್ಟೊಂದು ಗುಡ್ಡಗಳಿವೆ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಮೂರು ವರ್ಷದಿಂದೀಚೆಗೆ. ಅದಕ್ಕೆ ಕಾರಣ ನನ್ನ ತಂಗಿ.

ತಂಗಿ ಹಾಸನದ ಒಂದು ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಾಳೆ. ಹ್ಯಾಮ್ ರೇಡಿಯೋ ಅವಳ ಹುಚ್ಚು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಸ್ವಂತ ಸೆಟ್ಟಿನಿಂದ ದೂರದೂರದವರ ಜೊತೆ ಮಾತಾಡುವ ಹವ್ಯಾಸ ಅದು. ಅವಳ ಸೆಟ್ಟು ಊಟದ ಡಬ್ಬಿಗಿಂತ ದೊಡ್ಡದಲ್ಲ. ಅದರ ಶಕ್ತಿ ಐದು ವ್ಯಾಟ್, ರಾತ್ರಿ ಮಲಗುವ ಕೋಣೆಯಲ್ಲಿ ಉರಿಯುವ ಚಿಕ್ಕ ಬಲ್ಬಿನಷ್ಟು. ಅವಳು ಬಾಡಿಗೆಗಿರುವ ಬೀದಿಯಲ್ಲಿ ಎಲ್ಲರ ಮನೆಯ ಇನ್ವರ್ಟರು, ಚಾರ್ಜರು, ಎಲ್ಇಡಿ ಬಲ್ಬು ಸೇರಿ ಸೆಟ್ಟಿನಲ್ಲಿ ಬಾಣಲೆಗೆ ಒಗ್ಗರಣೆ ಹಾಕಿದ ಹಾಗೆ ಸದ್ದು ಮಾಡುತ್ತವೆ. ಅದರ ನಡುವೆ ದೂರದವರ ದನಿ ಕೇಳುವುದಿಲ್ಲ. ಹಾಗಾಗಿ ಭಾನುವಾರ ಸೆಟ್ಟು, ಬ್ಯಾಟರಿ, ಆಂಟೆನಾಗೆಂದು ಒಂದು ಸುರುಳಿ ತಂತಿ, ಅದನ್ನು ಎತ್ತಿ ಕಟ್ಟಲು ಎಳೆದರೆ ಉದ್ದವಾಗುವ ಮೀನಿನ ಗಾಳದ ಕೋಲು ಇಷ್ಟನ್ನು ಹೊತ್ತುಕೊಂಡು ಗುಡ್ಡ ಹತ್ತುತ್ತಾಳೆ. ಗುಡ್ಡ ಹುಡುಕಿಕೊಡುವ ಕೆಲಸ ನನ್ನದು.

"ವಾರವೆಲ್ಲಾ ಆ ಕಡೇನೇ ತಿರುಗ್ತೀಯಲ್ಲಣ್ಣ, ಒಂದ್ ಕಣ್ಣು ಮೇಲಕ್ಕೆ ಇಡು ಸಾಕು" ಎಂದು ಅವಳು ಹೇಳಿದ್ದಳು. ಒಂದು ನೋಟ್‌ಬುಕ್ ಕೊಟ್ಟು, ಪ್ರತಿ ಗುಡ್ಡಕ್ಕೂ ನಾಲ್ಕು ವಿಷಯ ಬರೆಯಬೇಕು ಎಂದಳು. ಹೊರೆ ಹೊತ್ತು ಹತ್ತಲು ದಾರಿ ಇದೆಯೇ. ತಂತಿ ಕಟ್ಟಲು ಮರವೋ ಬಂಡೆಯೋ ಇದೆಯೇ. ಹತ್ತಿರ ಕರೆಂಟಿನ ಲೈನ್ ಇದೆಯೇ. ಕೊನೆಯದು, ಟ್ರಾನ್ಸಿಸ್ಟರನ್ನು ಯಾವ ಸ್ಟೇಷನ್ನೂ ಇಲ್ಲದ ಕಡೆ ತಿರುಗಿಸಿ ಹಿಡಿದರೆ ಸದ್ದು ಬರುತ್ತದೆಯೇ. ಸದ್ದು ಬಾರದಿದ್ದರೆ ಗುಡ್ಡ ಒಳ್ಳೆಯದು.

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಯಾರೂ ಬಿಡಿಸಲಿಲ್ಲ, ನನಗೇ ಒಗ್ಗಲಿಲ್ಲ. ನಾನು ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆ ಎಂಬ ಕಲ್ಪನೆಯೂ ಇರಲಿಲ್ಲ. ಆದರೆ ತಂಗಿಯ ಸ್ನೇಹಿತರು, ಹ್ಯಾಮ್‌ಗಳು, ಎಲ್ಲರೂ ಡಿಗ್ರಿ ಮಾಡಿದವರು, ನನ್ನ ನೋಟ್‌ಬುಕ್ಕಿನ ಪುಟಗಳ ಫೋಟೋ ಹೊಡೆದುಕೊಂಡು ಹೋಗತೊಡಗಿದರು. "ಅಣ್ಣ ಬರ್ದಿದ್ರೆ ಕಣ್ಮುಚ್ಕೊಂಡು ಹೋಗ್ಬಹುದು" ಎಂದು ಅವರಲ್ಲೊಬ್ಬ ಹೇಳಿದ ದಿನ ನಾನು ಗಾಡಿಯಲ್ಲಿ ಒಬ್ಬನೇ ನಗುತ್ತಾ ಗೊರೂರಿನ ತನಕ ಹೋಗಿದ್ದೆ.

ಗುಡ್ಡದ ತುದಿಯಲ್ಲಿ ನಿಂತರೆ ನನಗೊಂದು ಅಮಲು. ಕೆಳಗೆ ತೆಂಗಿನ ತೋಟ, ಕೆರೆ, ಬಿಸಿಲಿಗೆ ಹೊಳೆಯುವ ಶೀಟಿನ ಮನೆಗಳು. ಮೇಲೆ ನಾನೊಬ್ಬ, ಕಿವಿಗೆ ಟ್ರಾನ್ಸಿಸ್ಟರ್ ಒತ್ತಿಕೊಂಡು ಸುತ್ತ ತಿರುಗುತ್ತಾ ಏನೂ ಕೇಳದಿದ್ದರೆ ಖುಷಿ ಪಡುವವನು. ನೋಡಿದವರಿಗೆ ಅನುಮಾನ ಬರದೆ ಇರುತ್ತದೆಯೇ? ಅರಕಲಗೂಡಿನ ಹತ್ತಿರ ಒಬ್ಬ ಮುದುಕ ಕುರಿ ಬಿಟ್ಟುಕೊಂಡು ನನ್ನ ಹಿಂದೆಯೇ ತುದಿಗೆ ಬಂದಿದ್ದ.

"ನಿಧಿ ಸಿಕ್ತಾ ಸಾ?"

"ನಿಧಿ ಅಲ್ಲ ಕಣಜ್ಜ, ಸದ್ದು ಐತಾ ಅಂತ ನೋಡ್ತಿದ್ದೀನಿ."

"ಸದ್ದು ಬಂದ್ರೆ?"

"ಬರಬಾರ್ದು. ಬರದೇ ಇದ್ರೆ ಒಳ್ಳೇದು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನೇಲಿ ಯಾರ್ಯಾರವ್ರೆ?" ಎಂದು ಬಹಳ ಮರುಕದಿಂದ ಕೇಳಿದ.

ಹೀಗೆ ಇಪ್ಪತ್ತಕ್ಕೂ ಹೆಚ್ಚು ಗುಡ್ಡ ಬರೆದೆ. ಅದರಲ್ಲಿ ಒಂದನ್ನು ಸುಳ್ಳು ಬರೆದೆ. ಇಷ್ಟು ಹೊತ್ತು ಸುತ್ತಿ ಬಳಸಿ ಹೇಳುತ್ತಿರುವುದು ಆ ಮಾತಿಗೆ ಬರಲು ನಾಚಿಕೆಯಾಗಿ.

ಹೊಳೆನರಸೀಪುರ ತಾಲ್ಲೂಕಿನ ಆ ಗುಡ್ಡ ಹಾಸನಕ್ಕೆ ಹತ್ತಿರದ್ದು. ಎರಡು ವರ್ಷದ ಹಿಂದೆ, ಲೋಡು ಇಳಿಸಿ ಬರುವಾಗ, ಅದರ ಬುಡದ ಟೀ ಅಂಗಡಿಯಲ್ಲಿ ಗಾಡಿ ನಿಲ್ಲಿಸಿದೆ. ಕೈಯಲ್ಲಿ ಟ್ರಾನ್ಸಿಸ್ಟರ್ ಇತ್ತು. ಅದೇನು ಎಂದು ಒಬ್ಬರು ಕೇಳಿದರು. ಹೇಳಿದೆ. ಇನ್ನಿಬ್ಬರು ಹತ್ತಿರ ಬಂದು ಕೂತರು. ಜನ ಸೇರಿದಂತೆ ನನಗೆ ಮಾತು ಏರಿತು.

"ಇದೆಲ್ಲಾ ಬರೀ ಟೆಸ್ಟಿಂಗು. ದೊಡ್ಡ ಸೆಟ್ ಬೇರೆ ಐತೆ. ರಷ್ಯಾದವರ ಜೊತೆ ಮಾತಾಡ್ತೀವಿ" ಎಂದೆ. ತಂಗಿ ಮಾತಾಡುತ್ತಾಳೆ ಎನ್ನಬೇಕಿತ್ತು. 'ಮಾತಾಡ್ತೀವಿ' ಎಂದೇ ಬಾಯಿಗೆ ಬಂತು.

"ರಷ್ಯಾದವ್ರಿಗೆ ಕನ್ನಡ ಬತ್ತದಾ?" ಎಂದ ಅಂಗಡಿಯವನು, ಬೋಂಡ ತಿರುವಿ ಹಾಕುತ್ತಾ.

"ನಮಗೆ ಅವರ ಭಾಷೆ ಬತ್ತದೆ."

"ಏನ್ ಮಾತಾಡ್ತೀರಿ?"

"ಮಳೆ ಬೆಳೆ."

"ಅಲ್ಲೂ ಇಲ್ವಂತಾ ಮಳೆ?" ಎಂದು ಮೂಲೆಯ ಬೆಂಚಿನಿಂದ ಇನ್ನೊಬ್ಬರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕು ಇನ್ನೊಂದು ಟೀ ಹೇಳಿದೆ. ಯಾರೋ ನನ್ನನ್ನು 'ಸಾರು' ಎಂದರು. ಹೊತ್ತು ಇಳಿಯಿತು. ಎದ್ದು ಗುಡ್ಡದ ಕಡೆ ನೋಡಿದರೆ ಬರೀ ಜಾಲಿ ಮುಳ್ಳು. "ಈ ಕಡೆಯಿಂದ ದಾರಿ ಇಲ್ಲ ಸಾ" ಎಂದ ಅಂಗಡಿಯವನು. ಗಾಡಿಯಲ್ಲಿ ಕೂತು ನೋಟ್‌ಬುಕ್ ತೆಗೆದೆ. 'ಈ ಕಡೆಯಿಂದ' ಎಂಬುದನ್ನು ಬಿಟ್ಟು, 'ದಾರಿ ಇಲ್ಲ, ಮುಳ್ಳು, ಬೇಡ' ಎಂದು ಬರೆದೆ. ಅಷ್ಟೇ ಕೆಲಸ.

ಅದಾಗಿ ಆರು ತಿಂಗಳಿಗೆ ತಂಗಿಗೆ ರೇಡಿಯೋ ಕಲಿಸಿದ ಮೇಷ್ಟ್ರು ಊರು ಬಿಟ್ಟರು. ಅವರು ವಯಸ್ಸಾದವರು, ಹಾಸನದಲ್ಲಿ ಒಬ್ಬರೇ ಇದ್ದರು. ಉತ್ತರದ ಕಡೆ ಮಗಳ ಫ್ಲಾಟಿಗೆ ಹೋದರು. ಹೋಗುವಾಗ ತಂಗಿಗೆ, "ಇಷ್ಟು ದಿನ ನಾವು ಒಂದೇ ಊರಲ್ಲಿದ್ದು ಮಾತಾಡಿದ್ದು ಲೆಕ್ಕಕ್ಕಿಲ್ಲ. ಈಗ ನನ್ನ ಹುಡುಕು, ನೋಡೋಣ" ಎಂದಿದ್ದರು. ಫ್ಲಾಟಿನ ಬಾಲ್ಕನಿಯಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸಣ್ಣ ತಂತಿಯ ಜಾಗ. ದನಿ ಬಹಳ ಕ್ಷೀಣ, ಮೋರ್ಸ್‌ನಲ್ಲಿ ಹಳೇ ತಂತಿ ಆಫೀಸಿನವರ ಹಾಗೆ ಕಟ್ ಕಡ ಎಂದು ಕುಟ್ಟಿದರೆ ಮಾತ್ರ ದಾಟಬಹುದು. ತಂಗಿ ಆರು ಸಲ ಪ್ರಯತ್ನ ಪಟ್ಟಳು. ಒಂದು ಸಲ ಅರಕಲಗೂಡಿನ ಆಚೆ, ಇನ್ನೊಂದು ಸಲ ಚನ್ನರಾಯಪಟ್ಟಣದ ಕಡೆ, ಎಲ್ಲಾ ನಾನು ಬರೆದ ಗುಡ್ಡಗಳೇ. ಒಂದು ದಿನ ಮಳೆ, ಒಂದು ದಿನ ಜೇನು, ಒಂದು ದಿನ ನಾವು ತಲುಪುವುದರೊಳಗೆ ಮೇಷ್ಟ್ರು ಸೆಟ್ಟಿನ ಮುಂದೆ ಕೂರುವ ಹೊತ್ತು ಮುಗಿದಿತ್ತು. ಆರು ಸಲವೂ ಆಗಲಿಲ್ಲ.

ಫೋನ್ ಇಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ಫೋನಲ್ಲಿ ದಿನಾ ಮಾತಾಡ್ತೀವಿ. ಅವರ ಲಾಗ್ ಪುಸ್ತಕದಲ್ಲಿ ನಲವತ್ತು ವರ್ಷದಿಂದ ಯಾರ್ಯಾರೋ ಇದ್ದಾರೆ. ನಾನಿಲ್ಲ" ಎಂದಳು. ಯಾರ ಜೊತೆ ಸಂಪರ್ಕವಾಯಿತೋ ಅವರ ಹೆಸರು ಹತ್ತುವ ಪುಸ್ತಕ ಅದು.

ಈ ವರ್ಷ ಒಂದು ದಿನ ಮೇಷ್ಟ್ರು ಫೋನ್ ಮಾಡಿ, ಫ್ಲಾಟಿನವರು ತಂತಿ ತೆಗೆಸುತ್ತಿದ್ದಾರೆ ಎಂದರಂತೆ. ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಆಳು ಬರುತ್ತಾನೆ. ಎಂಟರಿಂದ ಒಂಬತ್ತರ ತನಕ ಕೂತಿರುತ್ತೇನೆ, ಆಮೇಲೆ ಸೆಟ್ಟು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದರಂತೆ. ತಂಗಿ ನೋಟ್‌ಬುಕ್ಕಿನಲ್ಲಿ ಅತ್ಯುತ್ತಮ ಎಂದು ನಾನು ಬರೆದಿದ್ದ ಹಳೇಕೋಟೆ ಹೋಬಳಿಯ ಗುಡ್ಡ ಆರಿಸಿದಳು. ಅದನ್ನು ನಾನು ನಿಜವಾಗಿ ಹತ್ತಿದ್ದೆ.

ಏಳೂವರೆಗೇ ಮೇಲಿದ್ದೆವು. ಕೋಲು ನಿಲ್ಲಿಸಿ, ತಂತಿ ಎಳೆದು, ಅವಳು ಸೆಟ್ಟು ಹಾಕಿದಳು. ಟಕ್. ಟಕ್. ಟಕ್. ಒಂದೊಂದು ಸೆಕೆಂಡಿಗೆ ಒಂದು ಸಲ, ಯಾರೋ ಒಳಗೆ ಕೂತು ಉಗುರಿನಿಂದ ತಟ್ಟುತ್ತಿರುವ ಹಾಗೆ. ಅವಳು ಹೆಡ್‌ಫೋನ್ ತೆಗೆದು ಕೆಳಗೆ ಬಗ್ಗಿ ನೋಡಿದಳು. ಕಾಡುಹಂದಿಗೆಂದು ಯಾರೋ ಹೊಲದ ಸುತ್ತ ಹೊಸದಾಗಿ ಸೋಲಾರ್ ಬೇಲಿ ಹಾಕಿದ್ದರು. ಅದರ ಒಂದೊಂದು ಶಾಕೂ ನಮ್ಮ ಸೆಟ್ಟಿನಲ್ಲಿ ಟಕ್ ಎನ್ನುತ್ತಿತ್ತು.

ನಾನು ಓಡಿ ಇಳಿದೆ. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸನ್ನು, ಒಂದು ಗಂಟೆ ಇದನ್ನು ಆರಿಸಲು ಆಗುತ್ತದಾ ಎಂದು ಕೇಳಿದೆ.

"ಪೆಟ್ಗೆಗೆ ಬೀಗ ಆಕ್ಕಂಡು ಮದ್ವೆಗೆ ಓಗವ್ರೆ ಕಣಣ್ಣ. ನೀವೇನು, ಅಂದಿ ಕಡೆಯವ್ರಾ?"

ಮತ್ತೆ ಮೇಲೆ ಬಂದಾಗ ಎಂಟು ಗಂಟೆ ಹತ್ತು ನಿಮಿಷ. ತಂಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. "ಟಕ್ಕಿನ ಸಂದೀಲಿ ಏನೋ ಐತೆ. ಅವರೇ ಇರಬಹುದು. ಗೊತ್ತಾಗ್ತಿಲ್ಲ" ಎಂದಳು. ನೋಟ್‌ಬುಕ್ ತಿರುವಿದಳು. "ಹತ್ತಿರದಲ್ಲಿ ಬೇರೆ ಯಾವುದೂ ಇಲ್ಲ. ಹೋಗ್ಲಿ ಬಿಡಣ್ಣ. ನಿನ್ ತಪ್ಪೇನೈತೆ ಇದ್ರಲ್ಲಿ."

ಅವಳು ಹಾಗೆನ್ನದೆ ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ.

"ಬೇಡ ಅಂತ ಬರ್ದಿದ್ದೀನಲ್ಲ, ಆ ಗುಡ್ಡ ಹತ್ತೇ ಕಿಲೋಮೀಟ್ರು" ಎಂದೆ.

"ಅದಕ್ಕೆ ದಾರಿ ಇಲ್ಲ."

"ಇರಬಹುದು."

"ಮುಳ್ಳು ಅಂತ ಬರ್ದಿದ್ದೀಯ."

"ನಾನು ಹತ್ತಿಲ್ಲ ಕಣವ್ವ. ಕೆಳಗೆ ಟೀ ಅಂಗಡೀಲಿ ಕೂತಿದ್ದೆ."

ಅವಳು ನನ್ನ ಮುಖ ನೋಡಿದಳು. ಬೇಲಿಯ ಟಕ್ ಟಕ್ ಹೆಡ್‌ಫೋನಿನಿಂದ ಹೊರಗೂ ಕೇಳುತ್ತಿತ್ತು. ಆಮೇಲೆ ಕೋಲು ಮಡಿಸಲು ಶುರು ಮಾಡಿದಳು.

ಗಾಡಿ ಹತ್ತಿದ ಮೇಲೆ ಅವಳು ಆಡಿದ ಮೊದಲ ಮಾತು, "ಮೊಟ್ಟೆ ಇಲ್ಲ ಕಣಣ್ಣ, ಓಡ್ಸು." ಮೊಟ್ಟೆ ಹೊತ್ತು ಅಭ್ಯಾಸವಾದ ಕಾಲು, ಖಾಲಿ ಗಾಡಿಯನ್ನೂ ತೊಟ್ಟಿಲಿನ ಹಾಗೆ ತೂಗಿಕೊಂಡು ಹೋಗುತ್ತಿತ್ತು. ಅಂದು ಮೊದಲ ಸಲ ಆಕ್ಸಿಲರೇಟರನ್ನು ಪೂರ್ತಿ ತುಳಿದೆ. ಹಿಂದೆ ಖಾಲಿ ಟ್ರೇಗಳೆಲ್ಲ ಎದ್ದು ಕುಣಿದವು. ಪ್ರತಿ ಹಂಪಿಗೂ ತಂಗಿಯ ತಲೆ ಮೇಲಕ್ಕೆ ತಾಗುತ್ತಿತ್ತು. ತಪ್ಪು ಮಾಡಿದವನಿಗೆ ಬರಬಾರದ ನಗು ನನ್ನ ಗಂಟಲಲ್ಲಿ ಉಬ್ಬುತ್ತಿತ್ತು.

ಟೀ ಅಂಗಡಿಯ ಮುಂದೆ ನಿಲ್ಲಿಸಿ, ಹತ್ತಲು ದಾರಿ ಯಾವ ಕಡೆ ಎಂದು ಕಿಟಕಿಯಿಂದಲೇ ಕೇಳಿದೆ. ಅಂಗಡಿಯವನಿಗೆ ನನ್ನ ಗುರುತು ಸಿಕ್ಕಿತು.

"ಓ, ರಷ್ಯಾ ಸಾರು. ಇಂದ್ಗಡೆ ಓಗಿ. ಮೆಟ್ಲು ಐತೆ."

"ಮೆಟ್ಟಿಲಾ?" ಎಂದಳು ತಂಗಿ.

"ನಮ್ ತಾತನ ಕಾಲದಿಂದ ಐತೆ ಕಣವ್ವ."

ಅವಳು ನನ್ನ ಕಡೆ ತಿರುಗಿ, "ರಷ್ಯಾ ಸಾರು?" ಎಂದಳು. ನಾನು ಗೇರ್ ಹಾಕಿದೆ.

ಕಲ್ಲಿನ ಮೆಟ್ಟಿಲು, ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಪೈಪು, ಅದಕ್ಕೆ ಹಸಿರು ಪೇಂಟು. ತಂಗಿ ಮುಂದೆ ಸೆಟ್ಟು ಎದೆಗವುಚಿಕೊಂಡು, ನಾನು ಹಿಂದೆ ಬ್ಯಾಟರಿ ಮತ್ತು ಕೋಲು ಹೊತ್ತುಕೊಂಡು. ಅವಳು ಎಣಿಸುತ್ತಾ ಹತ್ತಿದಳು. "ಒಂದು, ದಾರಿ ಇಲ್ಲ. ಎರಡು, ದಾರಿ ಇಲ್ಲ. ಮೂರು, ದಾರಿ ಇಲ್ಲ." ಐವತ್ತರ ಹೊತ್ತಿಗೆ ಉಸಿರು ಸಾಲದೆ ಬರೀ "ಇಲ್ಲ, ಇಲ್ಲ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಎರಡೂ ಬೆವರಿನಲ್ಲಿ ಕಲಸಿಹೋಗಿತ್ತು. ಎಂಬತ್ತರ ಹತ್ತಿರ ಅವಳು ಪೈಪು ಹಿಡಿದು ನಿಂತಳು. ಭುಜ ಕುಲುಕುತ್ತಿತ್ತು. ಗಾಬರಿಯಿಂದ ಮುಂದೆ ಹೋಗಿ ನೋಡಿದರೆ, ಅವಳೂ ನಗುತ್ತಿದ್ದಳು. "ನಗ್ತಿದ್ದೀನಿ ಅಂತ ಕ್ಷಮಿಸಿದ್ದೀನಿ ಅನ್ಕೋಬೇಡ" ಎಂದು ಮತ್ತೆ ಹತ್ತಿದಳು.

ಮೇಲೆ ಒಂದು ಅಗಲ ಬಂಡೆ, ಒಂದೇ ಒಂದು ಗೋಣಿ ಮರ. ಸುತ್ತ ಎಲ್ಲೂ ಕರೆಂಟಿನ ಲೈನಿಲ್ಲ. ತಂತಿ ಕಟ್ಟಿ ಸೆಟ್ಟು ಹಾಕಿದಾಗ ಒಂಬತ್ತಕ್ಕೆ ಏಳು ನಿಮಿಷ. ಅವಳು ಗುಂಡಿ ತಿರುಗಿಸಿ ನಿಂತುಬಿಟ್ಟಳು. ಆ ಮುಖ ನೋಡಿಯೇ ತಿಳಿಯಿತು, ಇಷ್ಟು ನಿಶ್ಶಬ್ದವಾದ ಜಾಗ ನಮಗೆ ಇದುವರೆಗೆ ಸಿಕ್ಕಿರಲಿಲ್ಲ. ಮನೆಯಿಂದ ಮುಕ್ಕಾಲು ಗಂಟೆಯ ದಾರಿ, ಮೆಟ್ಟಿಲುಳ್ಳ ಗುಡ್ಡ. ಆರು ಸಲ ಅವಳನ್ನು ಎಲ್ಲೆಲ್ಲೋ ಅಲೆಸಿದ್ದೆ.

"ಬಂದ್ರು" ಎಂದಳು. ಕೈ ಮೋರ್ಸ್ ಕುಟ್ಟುವ ಕೀಲಿಯ ಮೇಲೆ ಕುಣಿಯತೊಡಗಿತು.

ನನಗೆ ಮೋರ್ಸ್ ಬಾರದು. ಅವಳ ತುಟಿ ನೋಡುತ್ತಾ ಕೂತೆ. ಅವಳು ಬರೆದುಕೊಂಡಳು, ಕುಟ್ಟಿದಳು, ಮತ್ತೆ ಬರೆದುಕೊಂಡಳು. "ನಾನು ಅವರ ಪುಸ್ತಕಕ್ಕೆ ಹತ್ತಿದೆ" ಎಂದು ಯಾರಿಗೋ ಹೇಳುವಂತೆ ಹೇಳಿದಳು. ಆಮೇಲೆ, "ಯಾಕೆ ತಡ ಅಂತ ಕೇಳ್ತಿದ್ದಾರೆ. ಹೇಳ್ಲಾ?"

"ಹೇಳು" ಎಂದೆ.

ಅವಳು ಕುಟ್ಟಿದ್ದು ಬಹಳ ಹೊತ್ತಾಯಿತು. ನನ್ನ ಟೀ, ಬೋಂಡ, ರಷ್ಯಾ ಎಲ್ಲಾ ಹೋಗಿರಬೇಕು. ಆಮೇಲೆ ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟಳು. ಬಹಳ ದೂರದಲ್ಲಿ, ಜೀರುಂಡೆಗಿಂತ ಸಣ್ಣಗೆ, ಟಿಟಿಟಿಟಿ ಟಿಟಿ. ಟಿಟಿಟಿಟಿ ಟಿಟಿ. ನಿಲ್ಲದೆ ಬರುತ್ತಿತ್ತು.

"ಏನಂತೆ?"

"ನಗ್ತಿದ್ದಾರೆ. ಮೋರ್ಸ್‌ನಲ್ಲಿ ಹಂಗೇ ನಗೋದು."

ಅದು ಇನ್ನೊಂದು ಸಲ ಬಂತು. ಮತ್ತೊಂದು ಅರ್ಧಕ್ಕೆ ನಿಂತಿತು. ಗಂಟೆ ಸರಿಯಾಗಿ ಒಂಬತ್ತು. ತಂಗಿ ಹೆಡ್‌ಫೋನ್ ಕಿತ್ತುಕೊಂಡು, ಎರಡೂ ಕೈಯಿಂದ ಕಿವಿಗೊತ್ತಿ ಬಹಳ ಹೊತ್ತು ಕೇಳಿದಳು. ಸದ್ದಿಲ್ಲದ ಜಾಗ ಹುಡುಕುತ್ತಾ ಮೂರು ವರ್ಷ ತಿರುಗಿದವನಿಗೆ ಆ ಸದ್ದಿಲ್ಲದಿರುವಿಕೆ ಮಾತ್ರ ತಡೆಯಲಾಗಲಿಲ್ಲ.

"ಒಂದು ಗಂಟೆ ಸಿಗ್ತಿತ್ತು. ಏಳು ನಿಮಿಷ ಸಿಕ್ತು" ಎಂದಳು. ತಪ್ಪಾಯ್ತು ಎಂದೆ. ಅವಳು ತಂತಿ ಸುತ್ತುತ್ತಾ ಕೇಳಿದಳು:

"ಪುಸ್ತಕದಲ್ಲಿ ಇನ್ನೆಷ್ಟು ಹತ್ತದೆ ಬರ್ದಿದ್ದೀಯ?"

"ಇದೊಂದೇ."

ಅವಳು ಸುತ್ತುವುದನ್ನು ನಿಲ್ಲಿಸಿ ನೋಡಿದಳು.

"ಬಾಗೂರಿನ ಕಡೆ ಇನ್ನೊಂದೈತೆ" ಎಂದೆ.

"ನಡಿ" ಎಂದು ಬ್ಯಾಟರಿಯನ್ನು ನನ್ನ ಹೆಗಲಿಗೆ ಏರಿಸಿದಳು.